ಮದುವೆಗೆ ಮನೆಮನೆಗೆ ಹೋಗಿ ಕರೆಯುವುದು ಹೇಗೆ?

ಛತ್ರ ಹಿಡಿಯುವುದು, ಅಡುಗೆಯವರನ್ನು ಗೊತ್ತುಮಾಡುವುದು, ಜವಳಿ ತರುವುದು ಇವಕ್ಕೆಲ್ಲ ಈಗ ಹೇಳುವವರು, ಮಾಡಿಕೊಡುವವರು ಸಿಗುತ್ತಾರೆ. ಕರೆಯುವ ಕೆಲಸ ಮಾತ್ರ ಮನೆಯವರೇ ಮಾಡಬೇಕು. ಹಿಂದೆ ಇದನ್ನು ಅಜ್ಜಿಯೋ ದೊಡ್ಡಪ್ಪನೋ ಜೊತೆಗೆ ಕರೆದುಕೊಂಡು ಹೋಗಿ ಕಲಿಸುತ್ತಿದ್ದರು. ಈಗ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳಲ್ಲಿ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ: ಮೊದಲ ಪತ್ರಿಕೆ ಯಾರಿಗೆ? ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದೇ? ಸಾವಾದ ಮನೆಗೆ ಹೋಗಬಹುದೇ? ಅಣ್ಣತಮ್ಮಂದಿರಿಗೆ ಒಂದು ಪತ್ರಿಕೆಯೋ ಎರಡೋ?

ಪದ್ಧತಿಗಳು ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಇಲ್ಲಿ ಹೇಳಿರುವುದು ಹೆಚ್ಚಾಗಿ ಬೆಂಗಳೂರು, ಮೈಸೂರು ಕಡೆಯ ಹಿಂದೂ ಮನೆಗಳ ರೂಢಿ. ಬೇರೆ ಕಡೆ ಬೇರೆ ಥರ ಇರುವಲ್ಲಿ ಅಲ್ಲಲ್ಲೇ ಹೇಳಿದೆ. ಗೃಹಪ್ರವೇಶ, ಉಪನಯನ, ನಾಮಕರಣಕ್ಕೂ ಇದೇ ಕ್ರಮವನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡರೆ ಆಯಿತು.

1. ಪಟ್ಟಿ: ತಲೆ ಲೆಕ್ಕ ಬೇರೆ, ಒಲೆ ಲೆಕ್ಕ ಬೇರೆ

ಊಟಕ್ಕೆ ಎಷ್ಟು ಜನ ಅನ್ನುವುದು ತಲೆ ಲೆಕ್ಕ. ಪತ್ರಿಕೆ ಎಷ್ಟು ಅನ್ನುವುದು ಒಲೆ ಲೆಕ್ಕ. ಒಂದೇ ಕಾಂಪೌಂಡಿನಲ್ಲಿ ಅಣ್ಣ ಕೆಳಗೆ, ತಮ್ಮ ಮೇಲೆ ಇದ್ದು ಅಡುಗೆ ಬೇರೆ ಬೇರೆಯಾದರೆ ಪತ್ರಿಕೆಯೂ ಬೇರೆ ಬೇರೆಯೇ ಆಗಬೇಕು. ಅಣ್ಣನ ಕೈಗೆ ಒಂದು ಕೊಟ್ಟು "ತಮ್ಮನಿಗೂ ಹೇಳಿಬಿಡಿ" ಅನ್ನುವಂತಿಲ್ಲ. ಕರೆಯುವುದರಲ್ಲಿ ಆಗುವ ಮನಸ್ತಾಪಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೂತು ಒಂದೊಂದು ಪಟ್ಟಿ ಬರೆಯಿರಿ, ಆಮೇಲೆ ಕೂಡಿಸಿ. ಒಟ್ಟಿಗೆ ಕೂತರೆ ಒಬ್ಬರ ಕಡೆಯ ನಂಟರು ನೆನಪಾಗುತ್ತಾ ಹೋಗುತ್ತಾರೆ, ಇನ್ನೊಬ್ಬರ ಕಡೆಯವರು ಜಾರಿಹೋಗುತ್ತಾರೆ. ಮನೆಯಲ್ಲಿ ಹಿಂದೆ ನಡೆದ ಮದುವೆಯ ಮುಯ್ಯಿ ಪುಸ್ತಕ (ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟ ನೋಟ್‌ಬುಕ್ಕು) ಇದ್ದರೆ ಅದನ್ನು ಮೊದಲು ಹುಡುಕಿ. ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ.

ಸಾಮಾನ್ಯವಾಗಿ ಬಿಟ್ಟುಹೋಗುವವರು ಇವರು: ಅಜ್ಜಿಯ ತವರಿನವರು, ತಾಯಿಯ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಅತ್ತೆಮನೆಯವರು, ಹಿಂದೆ ಬಾಡಿಗೆಗಿದ್ದ ಮನೆಯ ಓನರ್ರು, ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು, ಮನೆಯ ಡಾಕ್ಟರು. ಇದರಲ್ಲಿ ಮೂರನೆಯದು ಸೂಕ್ಷ್ಮ. ತಂಗಿಯನ್ನು ಫೋನಿನಲ್ಲೇ "ನೀನು ಬಾರಮ್ಮ" ಎಂದು ಕರೆದು ಅವಳ ಅತ್ತೆ ಮಾವನನ್ನು ಬಿಟ್ಟರೆ, ಆ ಮನೆಯಲ್ಲಿ ಮಾತು ಕೇಳಬೇಕಾದವಳು ತಂಗಿ. ಅವರ ಮನೆಗೇ ಹೋಗಿ, ಅತ್ತೆ ಮಾವನಿಗೆ ಪತ್ರಿಕೆ ಕೊಟ್ಟು, "ಸೊಸೇನ ಎರಡು ದಿನ ಮುಂಚೆ ಕಳಿಸಿಕೊಡಿ" ಎಂದು ಕೇಳುವುದು ಕ್ರಮ.

ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ: ಮನೆಯವರ ಹೆಸರು (ಎಲ್ಲರದೂ, ಮಕ್ಕಳ ಹೆಸರೂ), ಏರಿಯಾ ಅಥವಾ ಊರು, ಕರೆಯುವ ಬಗೆ (ಖುದ್ದು, ಫೋನ್ ಮತ್ತು ಕೊರಿಯರ್, ಬರೀ ವಾಟ್ಸಾಪ್), ಯಾವ ಯಾವ ಕಾರ್ಯಕ್ಕೆ, ಕರೆದಾಯಿತೇ. ನಾಲ್ಕನೆಯ ಅಂಕಣ ಬೇಡ ಅನಿಸಬಹುದು, ಆದರೆ ಬೇಕೇ ಬೇಕು. ಚಪ್ಪರದ ದಿನದ ಊಟ, ಆರತಕ್ಷತೆ, ಧಾರೆ, ಬೀಗರೂಟ (ಮದುವೆಯ ನಂತರ ಎರಡೂ ಕಡೆಯವರಿಗೆ ಹಾಕುವ ಔತಣ, ಹಳೇ ಮೈಸೂರು ಕಡೆ ಅನೇಕ ಸಮುದಾಯಗಳಲ್ಲಿ ಬಾಡೂಟ) ಇವಿಷ್ಟರಲ್ಲಿ ಯಾರನ್ನು ಯಾವುದಕ್ಕೆ ಎಂದು ಮೊದಲೇ ತೀರ್ಮಾನವಾಗದಿದ್ದರೆ ಅವರ ಮನೆಯಲ್ಲಿ ಕೂತು ತಡವರಿಸುತ್ತೀರಿ.

2. ಪತ್ರಿಕೆ

ಒಲೆಗಳ ಲೆಕ್ಕ 250 ಬಂದರೆ 280 ಮಾಡಿಸಿ. ಆಮೇಲೆ 25 ಬೇಕಾದರೆ ಮತ್ತೆ ಅಚ್ಚಿಗೆ ಹಾಕಬೇಕು. ಮುದ್ರಣದಲ್ಲಿ ಖರ್ಚಿನ ದೊಡ್ಡ ಪಾಲು ಮೊದಲ ಪ್ರತಿಗೆ ಮುಂಚಿನ ತಯಾರಿಯದ್ದೇ ಆದ್ದರಿಂದ ಆ 25ಕ್ಕೆ ಕೈ ಸುಡುತ್ತದೆ.

ಕರಡನ್ನು ಮೂವರು ಓದಲಿ, ಅವರಲ್ಲಿ ಒಬ್ಬರು ಬೀಗರ ಕಡೆಯವರಾಗಿರಲಿ. ಅವರ ಮನೆಯ ಹಿರಿಯರ ಹೆಸರು ನಿಮಗೆ ಸರಿಯಾಗಿ ಗೊತ್ತಿರುವುದಿಲ್ಲ. ಮುಖ್ಯವಾಗಿ ನೋಡಬೇಕಾದ್ದು:

ತಾರೀಖಿಗೂ ವಾರಕ್ಕೂ ತಾಳೆಯಿದೆಯೇ? ಮುಹೂರ್ತ ನಸುಕಿನ 4:30ಕ್ಕೋ 5ಕ್ಕೋ ಇದ್ದರೆ "ಬೆಳಗಿನ ಜಾವ" ಎಂದೇ ಬರೆಸಿ. ಬರೀ ಅಂಕಿ ಹಾಕಿದರೆ ಸಂಜೆಗೆ ಬರುವವರೂ ಇರುತ್ತಾರೆ. ಒಂದೇ ಹೆಸರಿನ ಛತ್ರ ಊರಲ್ಲಿ ಎರಡು ಇರುವುದು ಅಪರೂಪವಲ್ಲ, ಬಸ್ ಸ್ಟಾಪೋ ದೇವಸ್ಥಾನವೋ ಒಂದು ಗುರುತು ಹಾಕಿಸಿ. ತೀರಿಕೊಂಡ ಹಿರಿಯರ ಹೆಸರಿನ ಹಿಂದೆ "ದಿ." ಇದೆಯೇ, ಬದುಕಿರುವವರ ಹೆಸರಿಗೆ ಎಲ್ಲಾದರೂ ಅಂಟಿಕೊಂಡಿದೆಯೇ, ಎರಡೆರಡು ಸಲ ನೋಡಿ. ಉತ್ತರ ಕರ್ನಾಟಕದಲ್ಲಿ "ಕೈ." (ಕೈಲಾಸವಾಸಿ) ಎಂದು, ಲಿಂಗಾಯತ ಮನೆಗಳಲ್ಲಿ "ಲಿಂ." (ಲಿಂಗೈಕ್ಯ) ಎಂದು ಹಾಕುವ ರೂಢಿಯಿದೆ. ಬೀಗರ ಪದ್ಧತಿ ಏನೆಂದು ಕೇಳಿಕೊಳ್ಳಿ.

ಕೊನೆಯಲ್ಲಿ "ಸುಖಾಗಮನ ಬಯಸುವವರು" ಎಂದು ನಂಟರ ಹೆಸರು ಸಾಲಾಗಿ ಹಾಕುವ ಪದ್ಧತಿಗೆ ನನ್ನ ಒಪ್ಪಿಗೆಯಿಲ್ಲ. ಇಪ್ಪತ್ತು ಹೆಸರು ಹಾಕಿದರೂ ಇಪ್ಪತ್ತೊಂದನೆಯವರು ಮುನಿಸಿಕೊಳ್ಳುತ್ತಾರೆ. ಹಾಕಲೇಬೇಕಾದರೆ ಒಂದು ಗೆರೆ ಎಳೆಯಿರಿ. ಅಜ್ಜ ಅಜ್ಜಿ, ಒಡಹುಟ್ಟಿದವರು, ಸೋದರಮಾವ, ಇಷ್ಟೇ. ಆ ಗೆರೆಯಾಚೆಗಿನ ಒಬ್ಬರನ್ನೂ ಸೇರಿಸಬೇಡಿ.

ಲಕೋಟೆಯ ಮೇಲೆ ಹೆಸರು ಕೈಯಲ್ಲೇ ಬರೆಯಿರಿ. "ಶ್ರೀಮತಿ ಮತ್ತು ಶ್ರೀ ... ಹಾಗೂ ಕುಟುಂಬದವರಿಗೆ" ಎಂದರೆ ಎಲ್ಲರೂ ಬಂದಂತಾಯಿತು. ಒಬ್ಬರನ್ನೇ ಕರೆಯುವುದಾದರೆ "ಕುಟುಂಬ" ಬಿಡಿ. ಹೆಸರಿಲ್ಲದ ಖಾಲಿ ಲಕೋಟೆ ಕೈಗಿಟ್ಟರೆ, ಉಳಿದದ್ದು ತಮಗೆ ಬಂತು ಎಂದು ಅವರಿಗೆ ಗೊತ್ತಾಗುತ್ತದೆ.

3. ದಿನಗಳ ಲೆಕ್ಕ

ದೂರದೂರಿನವರಿಗೆ ಪತ್ರಿಕೆ ಅಚ್ಚಾಗುವ ತನಕ ಕಾಯಿಸಬೇಡಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಹಾಗಾಗಿ ಮದುವೆಗೆ 65–70 ದಿನ ಇರುವಾಗಲೇ "ತಾರೀಖು ಹಿಡಿದಿಟ್ಟುಕೊಳ್ಳಿ, ಪತ್ರಿಕೆ ಆಮೇಲೆ ಬರುತ್ತೆ" ಎಂದು ಫೋನ್ ಮಾಡಿ. ಹೊರದೇಶದವರಿಗೆ ಇನ್ನೂ ಮುಂಚೆ ಹೇಳಿ, ರಜೆ ಮತ್ತು ವಿಮಾನದ ಟಿಕೆಟ್ಟು ಎರಡನ್ನೂ ಅವರು ನೋಡಿಕೊಳ್ಳಬೇಕು.

ಖುದ್ದು ಕರೆಯುವುದನ್ನು 30–35 ದಿನ ಇರುವಾಗ ಶುರುಮಾಡಿ, 8–10 ದಿನ ಇರುವಾಗ ಮುಗಿಸಿ. ತೀರಾ ಮುಂಚೆ ಹೋದರೆ ಮರೆಯುತ್ತಾರೆ. ಕೊನೆಯ ವಾರದಲ್ಲಿ ಹೋದರೆ "ಈಗ ನೆನಪಾಯಿತೇನೋ" ಅನ್ನುತ್ತಾರೆ. ದೇವರ ಸಮಾರಾಧನೆಯೋ ಚಪ್ಪರವೋ ಆದ ಮೇಲೆ ಮನೆಯವರು ಹೊರಗೆ ತಿರುಗಬಾರದು ಎಂಬ ಕಟ್ಟು ಅನೇಕ ಮನೆಗಳಲ್ಲಿದೆ, ಅದಕ್ಕೂ ದಿನ ಬಿಟ್ಟುಕೊಳ್ಳಿ.

ಬೆಂಗಳೂರಿನಂಥ ಊರಿನಲ್ಲಿ ದಿನಕ್ಕೆ 6ರಿಂದ 8 ಮನೆ, ಅದೂ ಒಂದೇ ದಿಕ್ಕಿನವು. ಜಯನಗರ, ಬನಶಂಕರಿ ಒಂದು ದಿನ, ಮಲ್ಲೇಶ್ವರ, ರಾಜಾಜಿನಗರ ಇನ್ನೊಂದು ದಿನ. ಹಳ್ಳಿಯಲ್ಲಿ 15–20 ಮನೆ ಆಗುತ್ತದೆ. ಅಲ್ಲಿ ಒಂದು ಎಚ್ಚರಿಕೆ: ಬೀದಿಯಲ್ಲಿ ಒಂದು ಮನೆಗೆ ಹೋಗಿ ಪಕ್ಕದ್ದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಅದು ಊರಿಗೇ ಕಾಣುತ್ತದೆ.

ಅಮಾವಾಸ್ಯೆ ಬಿಡಿ. ರಾಹುಕಾಲ ನೋಡುವವರ ಮನೆಗೆ ಆ ಹೊತ್ತಿನಲ್ಲಿ ಪತ್ರಿಕೆ ಒಯ್ಯಬೇಡಿ. ಕರೆಯಲು ಹೊರಡುವುದು ಹೆಚ್ಚಾಗಿ ವಾರದ ಕೊನೆಗಾದ್ದರಿಂದ ಎರಡು ನೆನಪಿಟ್ಟರೆ ಸಾಕು: ಸೂರ್ಯೋದಯ 6ಕ್ಕೆ ಎಂದಿಟ್ಟುಕೊಂಡು ಶನಿವಾರ 9ರಿಂದ 10:30, ಭಾನುವಾರ ಸಂಜೆ 4:30ರಿಂದ 6. ನಿಮಗೆ ನಂಬಿಕೆ ಇಲ್ಲದಿದ್ದರೂ ಪತ್ರಿಕೆ ತೆಗೆದುಕೊಳ್ಳುವವರಿಗೆ ಇರಬಹುದು.

4. ಚೀಲದಲ್ಲಿ ಏನೇನು

ಆ ದಿನದ ಪತ್ರಿಕೆಗಳು, ಜೊತೆಗೆ ಹೆಸರು ಬರೆಯದ ಐದಾರು, ಒಂದು ಪೆನ್ನು. ನೀವು ಹೋದಾಗ ಆ ಮನೆಗೆ ಬಂದಿದ್ದ ಇನ್ನೊಬ್ಬ ನಂಟರು ಎದುರು ಸಿಕ್ಕರೆ ಅಲ್ಲೇ ಹೆಸರು ಬರೆದು ಕೊಡಬಹುದು, ಬರೀ ಬಾಯಿಮಾತಿನಲ್ಲಿ ಮುಗಿಸುವ ಪ್ರಸಂಗ ಬರುವುದಿಲ್ಲ.

ಅರಿಶಿನ ಕುಂಕುಮದ ಜೋಡಿ ಭರಣಿ. ಮುಚ್ಚಳ ತಿರುಪಿನದ್ದಾಗಿರಲಿ. ಒತ್ತಿ ಮುಚ್ಚುವ ಡಬ್ಬಿ ಕಾರಿನಲ್ಲಿ ತೆರೆದುಕೊಂಡರೆ ಇಡೀ ದಿನದ ಪತ್ರಿಕೆ ಕೆಂಪಾಗುತ್ತವೆ.

ಅಕ್ಷತೆ. ಒಂದು ಲೋಟ ಅಕ್ಕಿಯಲ್ಲಿ ನುಚ್ಚು ಆರಿಸಿ ತೆಗೆದು, ಅರ್ಧ ಚಮಚ ಅರಿಶಿನ, ನಾಲ್ಕೈದು ಹನಿ ತುಪ್ಪ ಹಾಕಿ ಅಂಗೈಯಲ್ಲಿ ಉಜ್ಜಿ. ನೀರು ಹಾಕಿ ಕಲಸಿದರೆ ನೆರಳಲ್ಲಿ ಪೂರ್ತಿ ಆರಿಸದೆ ಡಬ್ಬಿಗೆ ತುಂಬಬೇಡಿ, ಎರಡು ಮೂರು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಮನೆಗೆ ಒಂದು ಚಿಟಿಕೆಯಷ್ಟೇ ಬೇಕಾಗುವುದರಿಂದ ಒಂದು ಲೋಟ ಬಹಳ ಮನೆಗಳಿಗೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ಅಕ್ಕಿಕಾಳು ಅನ್ನುತ್ತಾರೆ.

ವೀಳ್ಯದೆಲೆ, ಅಡಿಕೆ. ಹತ್ತಿರದ ನಂಟರ ಮನೆಗೆ ಮಾತ್ರ ತಾಂಬೂಲ ಕೊಟ್ಟು ಕರೆಯುವವರು ಮನೆಗೆ ಎರಡು ಎಲೆ, ಎರಡು ಅಡಿಕೆ ಲೆಕ್ಕ ಹಾಕಿ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಿಸಿಲಿನ ಕಾರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ.

5. ಮೊದಲ ಪತ್ರಿಕೆಗಳು

ಎಲ್ಲ ಪತ್ರಿಕೆಗಳ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ. ಹೆಚ್ಚು ಇದ್ದರೆ ಕಟ್ಟಿನ ಅಂಚಿಗೆ ಒಟ್ಟಿಗೆ ಸವರಿದರೂ ನಡೆಯುತ್ತದೆ. ಮೊದಲನೆಯದು ಮನೆದೇವರಿಗೆ. ದೇವಸ್ಥಾನ ದೂರವಿದ್ದರೆ ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ. ನಂತರ ಮಠಕ್ಕೆ ನಡೆದುಕೊಳ್ಳುವವರು ಗುರುಗಳಿಗೆ. ಆಮೇಲೆ ಮನೆಯ ಹಿರಿಯರು ಮತ್ತು ಸೋದರಮಾವ. ಮದುಮಕ್ಕಳ ಸೋದರಮಾವನಿಗೆ ಮದುವೆಯಲ್ಲಿ ಮಾಡಬೇಕಾದ ಶಾಸ್ತ್ರಗಳಿರುತ್ತವೆ. ಅವರನ್ನು ಹತ್ತನೆಯವರಾಗಿ ಕರೆದರೆ ಅದು ಬಹಳ ವರ್ಷ ನೆನಪಿನಲ್ಲಿ ಉಳಿಯುತ್ತದೆ. ಇವರಿಷ್ಟು ಜನಕ್ಕೆ ಮುಟ್ಟುವ ತನಕ ಪತ್ರಿಕೆಯ ಫೋಟೋ ಎಲ್ಲಿಗೂ ಹೋಗಬಾರದು. ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಿ. ಮಾವನಿಗೆ ತಲುಪುವ ಮುಂಚೆ ಅದು ಅಳಿಯನ ಸ್ಟೇಟಸ್‌ನಲ್ಲಿ ಕಾಣುವುದು ಈಗಿನ ಹೊಸ ತಕರಾರು.

6. ಮನೆಯೊಳಗೆ

ಗಂಡ ಹೆಂಡತಿ ಜೋಡಿಯಾಗಿ ಹೋಗುವುದು ರೂಢಿ. ಒಬ್ಬರಿಗೆ ಆಗದಿದ್ದರೆ ಮನೆಯ ಇನ್ನೊಬ್ಬ ಹಿರಿಯರು ಜೊತೆಗಿರಲಿ. ಕುಂಕುಮ ಕೊಡುವುದಿದ್ದರೆ ಒಬ್ಬ ಹೆಂಗಸಾದರೂ ಇರಬೇಕು. ಹೊರಡುವ ಮುಂಚೆ ಫೋನ್ ಮಾಡಿ, ಆದರೆ "ಮನೇಲಿರ್ತೀರಾ, ಪತ್ರಿಕೆ ಕೊಡೋಕೆ ಬರ್ತೀವಿ, ಐದೇ ನಿಮಿಷ" ಅನ್ನಬೇಡಿ. "ಸಂಜೆ ನಿಮ್ಮನ್ನ ಕರೆಯೋಕೆ ಬರ್ತೀವಿ, ಎಷ್ಟು ಹೊತ್ತಿಗೆ ಅನುಕೂಲ?" ಎಂದು ಕೇಳಿ. ಬೆಳಗ್ಗೆ 10ರಿಂದ 12:30, ಸಂಜೆ 5ರಿಂದ 8 ಒಳ್ಳೆಯ ಹೊತ್ತು. ಊಟದ ಹೊತ್ತಿಗೆ ಹೋದರೆ ಅವರು ಬಡಿಸಲೇಬೇಕಾಗುತ್ತದೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕೂತ ತಕ್ಷಣ ಚೀಲಕ್ಕೆ ಕೈ ಹಾಕಬೇಡಿ. ಅವರ ಯೋಗಕ್ಷೇಮ ಮೊದಲು. ಹಿರಿಯರ ಆರೋಗ್ಯ, ಮಕ್ಕಳ ಓದು, ಹೀಗೆ ಐದು ನಿಮಿಷದ ಮಾತು ಆಗಲಿ. ನಂತರ ಎದ್ದು ನಿಂತು ಕರೆಯಿರಿ, ಕೂತಲ್ಲಿಂದಲೇ ಪತ್ರಿಕೆ ಚಾಚಬೇಡಿ. ಕ್ರಮ ಹೀಗೆ:

ಮನೆಯ ಹೆಂಗಸರಿಗೆ, ಹಿರಿಯರಿಂದ ಶುರುಮಾಡಿ, ಅರಿಶಿನ ಕುಂಕುಮ. ಅತ್ತೆ ಅಡುಗೆಮನೆಯಲ್ಲಿದ್ದಾರೆಂದು ಸೊಸೆಗೆ ಮೊದಲು ಕೊಟ್ಟುಬಿಡಬೇಡಿ, ಅವರನ್ನು ಹೊರಗೆ ಕರೆಯಿರಿ. ಆಮೇಲೆ ಪತ್ರಿಕೆಯ ಮೇಲೆ ಅಕ್ಷತೆಯಿಟ್ಟು, ತಾಂಬೂಲವಿದ್ದರೆ ಅದನ್ನೂ ಇಟ್ಟು, ಯಜಮಾನ ದಂಪತಿಗೆ ಎರಡೂ ಕೈಯಲ್ಲಿ ಕೊಡಿ. ನಿಮಗಿಂತ ಹಿರಿಯರಾದರೆ ಕಾಲಿಗೆ ನಮಸ್ಕಾರ ಮಾಡಿ. ಮದುಮಗ ಅಥವಾ ಮದುಮಗಳು ಜೊತೆಗೆ ಬಂದಿದ್ದರೆ ಅವರೂ ಮಾಡಲಿ. ಪತ್ರಿಕೆಯನ್ನು ಟೀಪಾಯಿಯ ಮೇಲೆ ಇಟ್ಟು ಬರುವುದು, ಮಗುವಿನ ಕೈಗೆ ಕೊಟ್ಟು "ಅಜ್ಜಿಗೆ ಕೊಡು ಪುಟ್ಟ" ಅನ್ನುವುದು ಕರೆದಂತಲ್ಲ.

ಇನ್ನು ಬಾಯಿಮಾತು. ಪತ್ರಿಕೆಗಿಂತ ಹೆಚ್ಚು ಎಚ್ಚರ ಬೇಕಾದ್ದು ಇಲ್ಲಿ. ನಾಲ್ಕು ವಿಷಯ ಬಾಯಲ್ಲಿ ಬರಲೇಬೇಕು: ಯಾರ ಮದುವೆ, ಯಾವತ್ತು, ಎಲ್ಲಿ, ಯಾರು ಯಾರು ಬರಬೇಕು. ಉದಾಹರಣೆಗೆ:

"ಅತ್ತೆ, ಮಾವ, ಬರೋ 14ನೇ ತಾರೀಖು ಭಾನುವಾರ ನಮ್ಮ ದೊಡ್ಡವಳ ಮದುವೆ, ಬಸ್ ಸ್ಟಾಪಿನ ಎದುರಿನ ಛತ್ರದಲ್ಲಿ. ಹಿಂದಿನ ದಿನ ಸಂಜೆ ಆರತಕ್ಷತೆ. ಶನಿವಾರ ಮಧ್ಯಾಹ್ನದ ಊಟಕ್ಕೇ ಬಂದುಬಿಡಬೇಕು. ನೀವಿಬ್ಬರೂ, ರವಿ, ಅವನ ಹೆಂಡತಿ, ಮಕ್ಕಳು ಎಲ್ಲರೂ ಬರಬೇಕು."

ಹೆಸರು ಹಿಡಿದು ಕರೆಯುವುದು ಮುಖ್ಯ. "ಎಲ್ಲರೂ ಬನ್ನಿ" ಅಂದರೆ ಹೊಸ ಸೊಸೆಗೆ ತಾನು ಆ ಎಲ್ಲರಲ್ಲಿ ಸೇರಿದ್ದೇನೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಅಳಿಯ ಮನೆಯಲ್ಲಿದ್ದರೆ ಅವನಿಗೆ ಬೇರೆಯಾಗಿ ಒಂದು ಮಾತು ಹೇಳಿ. ಉತ್ತರ ಕರ್ನಾಟಕದಲ್ಲಿ ಕಾಕಾ, ಕಾಕು ಎನ್ನುತ್ತ "ಎಲ್ಲಾರೂ ಕೂಡಿ ಬರಬೇಕ್ರಿ" ಎಂದು ಕರೆಯುತ್ತಾರೆ. ಕರಾವಳಿ, ಮಲೆನಾಡಿನ ಕಡೆ ಇದಕ್ಕೆ ಹೇಳಿಕೆ ಎಂದೇ ಹೆಸರು. ಧಾಟಿ ಬೇರೆಯಾದರೂ ಆ ನಾಲ್ಕು ವಿಷಯ ಎಲ್ಲ ಕಡೆಯೂ ಬೇಕು.

ಆಡಬಾರದ ಮಾತುಗಳೂ ಇವೆ. "ಬರದಿದ್ದರೆ ನೋಡಿ" ಎಂದು ಸಲುಗೆಯಿಲ್ಲದವರಿಗೆ ಹೇಳಬೇಡಿ. "ನಿಮಗೆ ಬರೋಕಾಗಲ್ಲ ಅಂತ ಗೊತ್ತು, ಆದರೂ..." ಎಂದು ಶುರುಮಾಡಿದರೆ ಬರಬೇಡಿ ಎಂದಂತೆಯೇ. ಛತ್ರದ ಬಾಡಿಗೆ, ಊಟದ ಎಲೆಗೆಷ್ಟು, ಒಡವೆ ಎಷ್ಟು ಗ್ರಾಂ ಎಂಬುದನ್ನು ಅವರು ಕೇಳಿದರೂ ತೇಲಿಸಿಬಿಡಿ. ಮದುವೆಯಾಗದ ಮಗಳು ಆ ಮನೆಯಲ್ಲಿದ್ದರೆ "ಮುಂದಿನದು ಇವಳದೇ" ಎಂಬ ಮಾತಂತೂ ಬೇಡವೇ ಬೇಡ.

ಕೊಟ್ಟದ್ದನ್ನು ಸ್ವಲ್ಪವಾದರೂ ತೆಗೆದುಕೊಳ್ಳಿ. ಎಂಟು ಮನೆ ತಿರುಗುವಾಗ ಎಂಟು ಕಾಫಿ ಆಗುವುದಿಲ್ಲ, ನಿಜ. "ಅರ್ಧ ಲೋಟ ಸಾಕು, ಇಬ್ಬರಿಗೂ ಸೇರಿ" ಎಂದರೆ ಯಾರೂ ಬೇಜಾರಾಗುವುದಿಲ್ಲ. ಬರೀ ನೀರಾದರೂ ಸರಿ. ಮಲೆನಾಡು, ಕರಾವಳಿಯಲ್ಲಿ ಬಂದ ಕೂಡಲೇ ಬೆಲ್ಲ ನೀರು ಇಡುತ್ತಾರೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಸಾಕು. ಬೇಡ ಎನ್ನುವುದಾದರೆ ಎಲ್ಲರ ಮನೆಯಲ್ಲೂ ಬೇಡವೆನ್ನಿ. ಒಂದು ಮನೆಯಲ್ಲಿ ಉಪ್ಪಿಟ್ಟು ತಿಂದು ಪಕ್ಕದ ಮನೆಯಲ್ಲಿ ನೀರೂ ಬೇಡವೆಂದರೆ ಅದಕ್ಕೆ ಅರ್ಥ ಕಟ್ಟುತ್ತಾರೆ. ಜಾತಿಯ ನೆನಪು ಇನ್ನೂ ಹಸಿಯಾಗಿರುವ ಕಡೆ ಅದು ನೀವು ಎಣಿಸಿದ್ದಕ್ಕಿಂತ ಆಳಕ್ಕೆ ನಾಟುತ್ತದೆ.

ಒಟ್ಟು 20ರಿಂದ 25 ನಿಮಿಷ. ಮನೆಯಾಕೆ ಕುಂಕುಮ ಕೊಡಲು ಒಳಗೆ ಹೋದರೆ ಕಾಯಿರಿ, ತೆಗೆದುಕೊಳ್ಳದೆ ಹೊರಡಬೇಡಿ. ಹೊರಡುವಾಗ "ಬರ್ತೀವಿ" ಅನ್ನಿ, "ಹೋಗ್ತೀವಿ" ಅನ್ನಬೇಡಿ. ಕಾರಿಗೆ ಬಂದ ಮೇಲೆ ಪಟ್ಟಿಯಲ್ಲಿ ಗುರುತು ಹಾಕಿ, ಅವರ ಎದುರಿಗೆ ಅಲ್ಲ.

ಬಾಗಿಲು ಹಾಕಿದ್ದರೆ? ಹೇಳದೆ ಹೋಗಿದ್ದರೆ ತಪ್ಪು ನಿಮ್ಮದು, ಇನ್ನೊಂದು ದಿನ ಹೋಗಿ. ಹೇಳಿಯೂ ಸಿಗದಿದ್ದರೆ ಅಥವಾ ಮತ್ತೆ ಬರಲಾಗದ ಊರಾದರೆ, ಹೊಸಿಲಿಗೆ ಕುಂಕುಮವಿಟ್ಟು ಬಾಗಿಲ ಸಂದಿಯಲ್ಲಿ ಪತ್ರಿಕೆ ಸಿಕ್ಕಿಸಿ ಬರುವ ರೂಢಿಯಿದೆ. ಅದರ ಜೊತೆಗೆ ಅದೇ ರಾತ್ರಿ ಫೋನ್ ಆಗಬೇಕು. ಫೋನಿಲ್ಲದೆ ಬರೀ ಸಿಕ್ಕಿಸಿದ ಪತ್ರಿಕೆಯನ್ನು ಕರೆದ ಲೆಕ್ಕಕ್ಕೆ ಸೇರಿಸಬೇಡಿ.

7. ಎಚ್ಚರಿಕೆಯಿಂದ ಹೋಗಬೇಕಾದ ಮನೆಗಳು

ಸಾವಾದ ಮನೆ: ಸೂತಕ (ಸಾವಿನ ನಂತರ ಶುಭಕಾರ್ಯ ಮಾಡದ ದಿನಗಳು) ಮುಗಿಯುವ ತನಕ ಪತ್ರಿಕೆ ಹಿಡಿದು ಹೋಗಬೇಡಿ. ಅನೇಕ ಮನೆಗಳಲ್ಲಿ ಅದು 10ರಿಂದ 13 ದಿನ. ಆದರೆ ಪತ್ರಿಕೆ ಇಲ್ಲದೆ ಮಾತನಾಡಿಸಿಕೊಂಡು ಬರಲು ಒಮ್ಮೆ ಹೋಗಲೇಬೇಕು. ಸಾವಿಗೆ ಬಾರದವರು ಮದುವೆಗೆ ಕರೆಯಲು ಬಂದರೆ ಯಾರಿಗೂ ಹಿಡಿಸುವುದಿಲ್ಲ. ಒಂದು ವರ್ಷದವರೆಗೆ ಶುಭಕಾರ್ಯಗಳಿಗೆ ಹೋಗದ ಮನೆಗಳೂ ಇವೆ. ಅವರು ಬರುವುದಿಲ್ಲವೆಂದು ನೀವೇ ತೀರ್ಮಾನಿಸಿ ಬಿಡಬೇಡಿ. ಕರೆಯಿರಿ, ಒತ್ತಾಯ ಮಾಡಬೇಡಿ. "ನಿಮಗೆ ಹೇಗೆ ಅನಿಸುತ್ತೋ ಹಾಗೆ ಮಾಡಿ, ನಿಮಗೆ ಹೇಳದೆ ನಾವು ಮಾಡೋದಿಲ್ಲ" ಎಂದರೆ ಸಾಕು. ಶರಣರು ಪಂಚಸೂತಕಗಳನ್ನು (ಹುಟ್ಟು, ಸಾವು ಮೊದಲಾದ ಐದು ಬಗೆಯ ಮೈಲಿಗೆ) ಒಪ್ಪಲಿಲ್ಲವಾದ್ದರಿಂದ ಶರಣರ ಮಾತಿನಂತೆ ನಡೆಯುವ ಲಿಂಗಾಯತ ಮನೆಗಳಿಗೆ ನಿಮ್ಮ ಸೂತಕದ ಲೆಕ್ಕ ಹೊರಿಸಬೇಡಿ.

ಗಂಡನನ್ನು ಕಳೆದುಕೊಂಡವರಿಗೆ ಕುಂಕುಮ ಕೊಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಸಾಲಿನಲ್ಲಿ ಅವರೊಬ್ಬರನ್ನು ದಾಟಿ ಮುಂದಿನವರಿಗೆ ಹೋಗುವುದಕ್ಕಿಂತ ಕ್ರೂರವಾದದ್ದು ಇಲ್ಲ. ಭರಣಿಯನ್ನು ಎಲ್ಲರ ಮುಂದೆ ಹಿಡಿದ ಹಾಗೇ ಅವರ ಮುಂದೂ ಹಿಡಿಯಿರಿ. ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು. ನೀವಾಗಿ ಹಣೆಗಿಡಲೂ ಹೋಗಬೇಡಿ, ಕೈ ಹಿಂದಕ್ಕೂ ಎಳೆಯಬೇಡಿ. ಮತ್ತು ಪತ್ರಿಕೆಯನ್ನು ಅವರ ಮಗನ ಕೈಗಲ್ಲ, ಅವರ ಕೈಗೇ ಕೊಡಿ. ಮನೆಗೆ ಹಿರಿಯರು ಅವರೇ.

ಮಾತು ಬಿಟ್ಟಿರುವ ಅಣ್ಣತಮ್ಮಂದಿರನ್ನು ಒಂದೇ ದಿನ ಕರೆಯಿರಿ. ಒಂದು ವಾರದ ಅಂತರ ಬಿದ್ದರೆ ಯಾರನ್ನು ಮೊದಲು ಕರೆದರು ಎಂಬುದೇ ಸುದ್ದಿಯಾಗುತ್ತದೆ. ಬೇರೆಯಾದ ಗಂಡ ಹೆಂಡತಿ ಇಬ್ಬರೂ ಬೇಕಾದವರಾದರೆ ಇಬ್ಬರಿಗೂ ಬೇರೆ ಬೇರೆ ಪತ್ರಿಕೆ. ಇನ್ನೊಬ್ಬರೂ ಬರುತ್ತಾರೆಂದು ಒಂದು ಸಾಲಿನಲ್ಲಿ ತಿಳಿಸಿಬಿಡಿ, ಛತ್ರದ ಬಾಗಿಲಲ್ಲಿ ಗೊತ್ತಾಗುವುದು ಬೇಡ.

ಮುಸ್ಲಿಂ, ಕ್ರೈಸ್ತ ಸ್ನೇಹಿತರ ಮನೆಗೆ ಪತ್ರಿಕೆಯನ್ನು ಕೈಗೆ ಕೊಟ್ಟು ಬಾಯಿತುಂಬ ಕರೆದರೆ ಸಾಕು, ಕುಂಕುಮ ಅಕ್ಷತೆ ಚೀಲದಲ್ಲೇ ಇರಲಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು, ಭಾನುವಾರ ಬೆಳಗಿನ ಚರ್ಚಿನ ಹೊತ್ತು ತಪ್ಪಿಸಿ. ರಂಜಾನ್ ತಿಂಗಳಾದರೆ ಸೂರ್ಯ ಮುಳುಗುವ ಸಮಯಕ್ಕೆ ಹೋಗಬೇಡಿ, ಉಪವಾಸ ಬಿಡುವ ಗಳಿಗೆ ಅದು. ಬೀಗರೂಟಕ್ಕೆ ಕರೆಯುವಾಗ ಊಟ ಯಾವುದೆಂದು ಎಲ್ಲರಿಗೂ ಬಿಚ್ಚಿ ಹೇಳಿ. ಮಾಂಸ ತಿನ್ನದವರಿಗೂ, ಹಲಾಲ್ ಅಲ್ಲದ್ದನ್ನು ತಿನ್ನದವರಿಗೂ ಅದು ಮೊದಲೇ ಗೊತ್ತಿರಬೇಕು.

8. ಫೋನು, ಕೊರಿಯರ್, ವಾಟ್ಸಾಪ್

ದೂರದವರಿಗೆ ಮೊದಲು ಫೋನ್, ಆಮೇಲೆ ಪತ್ರಿಕೆ. ಪತ್ರಿಕೆ ಮೊದಲು ಹೋಗಿ ಫೋನೇ ಬಾರದಿದ್ದರೆ ಪಟ್ಟಿಯಲ್ಲಿ ಯಾರೋ ಟಿಕ್ ಹಾಕಿ ಕಳಿಸಿದಂತೆ ಕಾಣುತ್ತದೆ. ಹೆಂಡತಿಯ ಕಡೆಯವರಿಗೆ ಗಂಡನೂ ಫೋನಿನಲ್ಲಿ ಎರಡು ಮಾತಾಡಲಿ, ಗಂಡನ ಕಡೆಯವರಿಗೆ ಹೆಂಡತಿಯೂ ಮಾತಾಡಲಿ. ಅಮೆರಿಕದ ಪೂರ್ವ ತೀರದಲ್ಲಿರುವವರಿಗೆ ಶನಿವಾರ ಭಾನುವಾರ ನಮ್ಮ ಸಂಜೆ 7:30ಕ್ಕೆ ಮಾಡಿದರೆ ಅವರಿಗೆ ಬೆಳಗಿನ 9 ಅಥವಾ 10 ಗಂಟೆ, ಬೇಸಿಗೆ ಚಳಿಗಾಲಕ್ಕೆ ತಕ್ಕಂತೆ. ನೇರಪ್ರಸಾರದ ಲಿಂಕನ್ನು ಆಹ್ವಾನದ ಜೊತೆಗೇ ಕಳಿಸಬೇಡಿ. ಬರಲಾಗುವುದಿಲ್ಲವೆಂದು ಅವರು ಹೇಳಿದ ಮೇಲೆ ಕಳಿಸಿ.

ವಾಟ್ಸಾಪ್ ಬೇಡವೆಂದಲ್ಲ. ದಾರಿ ಗೊತ್ತಾಗುವುದಕ್ಕೆ, ನೆನಪಿಗೆ ಅದು ಪತ್ರಿಕೆಗಿಂತ ಉಪಯೋಗ. ಆದರೆ ಗ್ರೂಪಿಗೆ ಹಾಕಿದ್ದು ಯಾರಿಗೂ ಹೋದಂತಲ್ಲ. ಒಬ್ಬೊಬ್ಬರಿಗೇ, ಹೆಸರು ಹಾಕಿ, ಎರಡು ಸಾಲು ಬರೆದು ಕಳಿಸಿ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವವರು ಗಮನಿಸಿ: ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವವರಿಗೆ ಮಾತ್ರ ಅದು ತಲುಪುತ್ತದೆ. ಹಳೇ ಪರಿಚಯದವರನ್ನು ಕರೆದೆವು ಎಂದು ನೀವು ತಿಳಿದಿರುತ್ತೀರಿ, ಅವರಿಗೆ ಏನೂ ಬಂದಿರುವುದಿಲ್ಲ. "ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ" ಎಂಬ ಸಾಲು ಅದೇ ಊರಿನಲ್ಲಿರುವ ನಂಟರಿಗೆ ಹೋಗಬಾರದು. ಕಳಿಸುವ ಮುಂಚೆ ಮ್ಯಾಪಿನ ಲಿಂಕ್ ಒತ್ತಿ ನೋಡಿ, ಛತ್ರದ ಗೇಟಿಗೇ ಹೋಗುತ್ತದೆಯೇ ಎಂದು.

9. ಆಫೀಸು, ಅಪಾರ್ಟ್‌ಮೆಂಟು, ಕೆಲಸದವರು

ಆಫೀಸಿನಲ್ಲಿ ನೋಟಿಸ್ ಬೋರ್ಡಿಗೆ ಒಂದು ಪತ್ರಿಕೆ ಅಂಟಿಸಿದರೆ ಯಾರೂ ಬರುವುದಿಲ್ಲ, ಅಥವಾ ಎಲ್ಲರೂ ಬರುತ್ತಾರೆ. ಬೇಕಾದವರ ಟೇಬಲ್ಲಿಗೆ ಹೋಗಿ ಕರೆಯಿರಿ. ಒಂದು ವಿಭಾಗದಲ್ಲಿ ಹತ್ತು ಜನರಿದ್ದು ಎಂಟು ಜನರನ್ನು ಕರೆಯುವ ಲೆಕ್ಕ ಹಾಕಬೇಡಿ. ಹತ್ತೂ ಜನ, ಇಲ್ಲವೇ ತೀರಾ ಆಪ್ತರಾದ ಇಬ್ಬರು ಮೂವರು. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಮಹಡಿಯವರನ್ನು ಮನೆಗೇ ಹೋಗಿ ಕರೆಯಿರಿ, ಚಪ್ಪರ ಓಲಗ ಮನೆ ಮುಂದೆಯೇ ಇದ್ದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು ಎಂದೂ ತಿಳಿಸಿ.

ಮನೆಗೆಲಸದವರು, ಹಾಲಿನವರು, ಸೆಕ್ಯೂರಿಟಿಯವರು, ಡ್ರೈವರ್: ಇವರಿಗೂ ಹೆಸರು ಬರೆದ ಪತ್ರಿಕೆಯೇ ಆಗಬೇಕು. ಕರೆದು, ಅದೇ ಉಸಿರಿನಲ್ಲಿ "ಆವತ್ತು ಸ್ವಲ್ಪ ಬೇಗ ಬಂದು ಪಾತ್ರೆ ನೋಡಿಕೊಳ್ಳಮ್ಮ" ಅಂದರೆ ಅದು ಆಹ್ವಾನವಲ್ಲ, ಕೆಲಸಕ್ಕೆ ಹೇಳಿದ್ದು. ಕೆಲಸ ಬೇಕಿದ್ದರೆ ಬೇರೆ ದಿನ ಕೇಳಿ, ಕೂಲಿ ಗೊತ್ತುಮಾಡಿ. ಅತಿಥಿಯಾಗಿ ಕರೆದರೆ ಸೀರೆಯುಟ್ಟು ಮಕ್ಕಳನ್ನು ಕರೆದುಕೊಂಡು ಬಂದವಳಿಗೆ ಪಂಕ್ತಿಯಲ್ಲಿ ಎಲೆ ಹಾಕಿಸಿ.

10. ಉಡುಗೊರೆ, ಮುಯ್ಯಿ

"ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿದರೆ ಅದಕ್ಕೆ ಬದ್ಧರಾಗಿರಿ, ವೇದಿಕೆಯ ಪಕ್ಕ ಕವರಿಗೆ ಮೇಜು ಹಾಕಬೇಡಿ. ಆದರೆ ಹಳ್ಳಿಯ ನಂಟಸ್ತಿಕೆ ಹೆಚ್ಚಿದ್ದರೆ ಈ ಸಾಲು ಹಾಕಿಸುವ ಮುಂಚೆ ಯೋಚಿಸಿ. ಮುಯ್ಯಿ ಅನ್ನುವುದು ಕೊಡುಗೆಯಲ್ಲ, ಕೊಟ್ಟು ತೀರಿಸುವ ಲೆಕ್ಕ. ಅವರ ಮನೆಯ ಮದುವೆಗೆ ನೀವು ಹಾಕಿದ್ದನ್ನು ಹಿಂದಿರುಗಿಸಲು ಅವರು ಕಾಯುತ್ತಿರುತ್ತಾರೆ. ಬೇಡವೆಂದರೆ ಸಾಲ ಉಳಿಸಿಕೊಂಡಂತೆ ಅವರಿಗೆ ಮುಜುಗರ. ಅಂಥವರು ಕೊಟ್ಟರೆ ತೆಗೆದುಕೊಂಡು ಬರೆದಿಡಿ.

11. ಕೊನೆಯ ವಾರ

ಮೂರು ದಿನ ಇರುವಾಗ ಮುಖ್ಯವಾದವರಿಗೆ ನೆನಪಿನ ಫೋನ್. ಈ ಕೆಲಸವನ್ನು ತಮ್ಮನಿಗೋ ಅಳಿಯನಿಗೋ ಹಂಚಬಹುದು, ಖುದ್ದು ಕರೆದದ್ದು ಮೊದಲೇ ಆಗಿರುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಹೊರಗಿನಿಂದ ಬರುವವರಿಗೆ ರೂಮಿನ ನಂಬರು, ಸ್ಟೇಷನ್ನಿಗೆ ಬರುವವರ ಫೋನ್ ನಂಬರು ಅದೇ ಕರೆಯಲ್ಲಿ ಹೇಳಿ.

ಯಾರನ್ನೋ ಬಿಟ್ಟಿರುವುದು ಈಗ ಗೊತ್ತಾಗುತ್ತದೆ. ಗೊತ್ತಾದ ದಿನವೇ ಹೋಗಿ. ಪತ್ರಿಕೆ ಅಂಚೆಯಲ್ಲಿ ಕಳೆದುಹೋಯಿತು, ಹುಡುಗರ ಕೈಲಿ ಕಳಿಸಿದ್ದೆವಲ್ಲ ಎಂಬ ಕಥೆ ಕಟ್ಟಬೇಡಿ, ಅಂಥದ್ದನ್ನು ಅವರು ಬಹಳ ಕೇಳಿರುತ್ತಾರೆ. "ನಮ್ಮ ಕಡೆಯಿಂದ ತಡವಾಯಿತು, ಬೇಜಾರು ಮಾಡಿಕೊಳ್ಳದೆ ಬರಬೇಕು" ಎಂದು ಒಂದೇ ಸಲ ಹೇಳಿ, ಉಳಿದದ್ದನ್ನೆಲ್ಲ ಬೇರೆಯವರಿಗೆ ಮಾಡಿದ ಕ್ರಮದಲ್ಲೇ ಮಾಡಿ. ಕುಂಕುಮ, ಅಕ್ಷತೆ, ಹೆಸರು ಹಿಡಿದು ಕರೆಯುವುದು, ಯಾವುದನ್ನೂ ಅವಸರದಲ್ಲಿ ಕಡಿಮೆ ಮಾಡಬೇಡಿ. ಮದುವೆ ಮನೆಯವರೇ ಹೊರಗೆ ಹೋಗುವಂತಿಲ್ಲದ ದಿನವಾದರೆ ಮನೆಯ ಹಿರಿಯರೊಬ್ಬರನ್ನು ಕಳಿಸಿ, ಅಲ್ಲಿಂದಲೇ ನಿಮಗೆ ಫೋನ್ ಹಚ್ಚಿ ಅವರ ಕೈಗೆ ಕೊಡಲಿ.

ಬರಲಾಗದವರ ಹೆಸರಿನ ಮುಂದೆ ಪಟ್ಟಿಯಲ್ಲೊಂದು ಚುಕ್ಕೆ ಇಡಿ. ಮದುವೆಯಾದ ಹದಿನೈದು ದಿನದೊಳಗೆ ಹೊಸ ದಂಪತಿಯನ್ನು ಕರೆದುಕೊಂಡು, ಸಿಹಿ ಹಿಡಿದು ಹೋಗಬೇಕಾದ ಮನೆಗಳು ಅವೇ. ವಯಸ್ಸಾದವರ ಮನೆಗಳಿಗೆ ಮೊದಲು ಹೋಗಿ.